ಮನೆಯ ಶೆಡ್ಡಿಗೆ ಮರ ಕಡೆಯುವ ಲೇತ್: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು

ಮರ ಕಡೆಯುವ ಲೇತ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ಆಮೇಲೆ ಎಷ್ಟು ಉದ್ದ ಅಂತ. ಮಾರುವವರೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಮನೆಯಲ್ಲಿಟ್ಟುಕೊಂಡು ರಜೆ ಸಿಕ್ಕಾಗ ಕೆಲಸ ಮಾಡುವವರಿಗೆ ಅದಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ. ಈ ಯಂತ್ರ ಎಷ್ಟು ನಿಧಾನವಾಗಿ ತಿರುಗಬಲ್ಲದು? ಮರವನ್ನು ತಿರುಗಿಸುವ ಅಚ್ಚಿನ, ಅಂದರೆ ಸ್ಪಿಂಡಲ್‌ನ ಮೂತಿಯಲ್ಲಿ ಯಾವ ಥ್ರೆಡ್ (ತಿರುಪಿನ ಎಳೆ) ಇದೆ? ಇವೆರಡಕ್ಕೂ ಸರಿಯಾದ ಉತ್ತರ ಸಿಗದ ಲೇತ್, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಬೇಗ ಶೆಡ್ಡಿನ ಮೂಲೆ ಸೇರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಲೇತ್ ಅಂದರೆ ಹೆಬ್ಬಾಳ, ಮೇಟಗಳ್ಳಿ ಕಡೆಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತೇ ಎಲ್ಲರ ಕಣ್ಣ ಮುಂದೆ ಬರುವುದು. ಯಾರಾದರೂ ಹಳೆಯದೊಂದನ್ನು ಅಗ್ಗಕ್ಕೆ ಕೊಡುತ್ತೇನೆ ಅಂದರೆ ಆಸೆ ಪಡಬೇಡಿ. ಅದರಲ್ಲಿ ಟೂಲನ್ನು ಯಂತ್ರವೇ ಬಿಗಿಯಾಗಿ ಹಿಡಿದು ನಡೆಸುತ್ತದೆ. ಮರದ ಲೇತ್‌ನಲ್ಲಿ ಉಳಿ ಇರುವುದು ನಿಮ್ಮ ಕೈಯಲ್ಲಿ, ಅದನ್ನು ಆನಿಸುವ ಪಟ್ಟಿ ಟೂಲ್ ರೆಸ್ಟ್ ಮೇಲೆ. ಅಲ್ಲದೆ ಕಬ್ಬಿಣದ ಲೇತ್‌ನ ಎಣ್ಣೆ ಸವರಿದ ಬೆಡ್, ಅಂದರೆ ಕೆಳಗಿನ ಉದ್ದನೆಯ ಹಾಸಿನ ಮೇಲೆ ಮರದ ಹೊಟ್ಟು ಬಿದ್ದರೆ ಅಂಟಂಟಾಗಿ ಎಲ್ಲ ಸಂದಿಗೂ ಸೇರಿಕೊಳ್ಳುತ್ತದೆ, ತೊಳೆದು ಮುಗಿಯುವುದಿಲ್ಲ.

1. ಏನು ಕಡೆಯುತ್ತೀರಿ ಅಂತ ಮೊದಲು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು, ಮುಂದಿನ ಎರಡು ವರ್ಷದಲ್ಲಿ ನಿಜವಾಗಿ ಮಾಡುವಂಥದ್ದನ್ನು ಮಾತ್ರ ಬರೆಯಿರಿ. ಬುಗುರಿ, ಕುಂಕುಮದ ಭರಣಿ, ಪೆನ್ನು, ಉಳಿಯ ಹಿಡಿ, ದಸರಾ ಗೊಂಬೆ ಕೂರಿಸುವಾಗ ಇಡಲು ಪುಟ್ಟ ಪಾತ್ರೆ ಪಡಗ, ಇವೆಲ್ಲ ಒಂದು ಅಡಿಯೊಳಗೆ ಮುಗಿಯುತ್ತವೆ. ಲಟ್ಟಣಿಗೆ, ಕಡೆಗೋಲು ಅಂದರೆ ಸ್ವಲ್ಪ ಉದ್ದ ಬೇಕು. ಮಂಚದ ಕಾಲು ಎರಡಡಿಯ ಆಸುಪಾಸು. ಮೆಟ್ಟಿಲಿನ ಕಟಾಂಜನದ ಕಂಬ ಸುಮಾರು ಮೂರಡಿ. ಹಲಸಿನ ಬಟ್ಟಲು, ಹಣ್ಣಿನ ತಟ್ಟೆ ಮಾಡಬೇಕು ಅಂದರೆ ಉದ್ದದ ಚಿಂತೆಯೇ ಇಲ್ಲ, ಅಲ್ಲಿ ಅಗಲ ಮುಖ್ಯ.

ಈ ಅಗಲಕ್ಕೆ ಸ್ವಿಂಗ್ ಅಂತಾರೆ. 12 ಇಂಚು ಸ್ವಿಂಗ್ ಅಂದರೆ ಸ್ಪಿಂಡಲ್‌ನ ನಡುಬಿಂದುವಿನಿಂದ ಕೆಳಗಿನ ಬೆಡ್‌ಗೆ 6 ಇಂಚು ಜಾಗ ಇದೆ ಅಂತ ಅರ್ಥ, ಅಷ್ಟೇ. ಉದ್ದನೆಯ ಕೆಲಸ ಮಾಡುವಾಗ ಮರದ ಕೆಳಗೆ ಟೂಲ್ ರೆಸ್ಟ್ ಹಿಡಿಯುವ ಬ್ಯಾಂಜೊ ಕೂಡ ಓಡಾಡಬೇಕು, ಹಾಗಾಗಿ ಅಲ್ಲಿ ಸಿಗುವ ದಪ್ಪ ಎರಡು ಮೂರು ಇಂಚು ಕಡಿಮೆಯೇ. ಮರ ಹಿಡಿಯುವ ಎರಡು ತುದಿಗಳ ನಡುವಿನ ಅಂತರವನ್ನೂ ಬರೆದಿದ್ದಷ್ಟೇ ನಂಬಬೇಡಿ. ಭರಣಿಗೆ ತೂತು ಹೊಡೆಯುವಾಗ ಮರ ಹಿಡಿಯುವ ಚಕ್, ಮರದ ತುಂಡು, ಡ್ರಿಲ್ ಬಿಟ್, ಡ್ರಿಲ್ ಚಕ್ ನಾಲ್ಕೂ ಆ ಅಂತರದೊಳಗೇ ಹಿಡಿಸಬೇಕು.

ಕಟಾಂಜನದ ಕಂಬ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮನೆಗೆ ಒಂದೇ ಸಲ ಬೇಕಾಗುವ ಕೆಲಸ ಅದು. ಅದಕ್ಕೋಸ್ಕರ ಮೂರೂವರೆ ಅಡಿಯ ತೆಳು ಬೆಡ್‌ನ ಲೇತ್ ಕೊಂಡು ಮಿಕ್ಕ ದಿನವೆಲ್ಲ ಬುಗುರಿ ಕಡೆಯುವುದರಲ್ಲಿ ಅರ್ಥವಿಲ್ಲ. 12 ಇಂಚು ಸ್ವಿಂಗ್, 16ರಿಂದ 21 ಇಂಚು ಅಂತರ, ಬೇಕಾದರೆ ಮುಂದೆ ಬೆಡ್ ಜೋಡಿಸಿಕೊಳ್ಳುವ ಅನುಕೂಲ, ಮನೆಗೆ ಇದು ಸಾಕು. ಜಾಗ ತೀರಾ ಕಡಿಮೆ ಇದ್ದು ಸಣ್ಣ ಸಾಮಾನೇ ಮಾಡುತ್ತೇನೆ ಅನ್ನುವವರಿಗೆ 10 ಇಂಚಿನದೂ ನಡೆಯುತ್ತದೆ.

ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಚನ್ನಪಟ್ಟಣಕ್ಕೆ ಒಂದು ದಿನ ಹೋಗಿ ಬನ್ನಿ. ಮಂಡ್ಯದಿಂದ ಸುಮಾರು 40 ಕಿಲೋಮೀಟರ್. ಅಲ್ಲಿ ಆಟಿಕೆ ಮಾಡುವವರು ಆಲೆ ಮರದ ತುಂಡಿನ ಒಂದು ತುದಿಯನ್ನು ಚಕ್‌ಗೆ ಬಡಿದು ಕೂರಿಸುತ್ತಾರೆ, ಉಳಿಯಲ್ಲಿ ರೂಪ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೇ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೇದಗೆಯ ಗರಿ ಒತ್ತಿದರೆ ಮಿರಮಿರ ಮಿಂಚುತ್ತದೆ. ಅವರ ಯಂತ್ರದಲ್ಲಿ ಡಿಜಿಟಲ್ ಡಿಸ್‌ಪ್ಲೇ ಇಲ್ಲ, ವೇಗ ಬದಲಿಸುವ ಗುಂಡಿ ಇಲ್ಲ. ಒಂದು ಮೋಟಾರು, ಒಂದು ಬೆಲ್ಟು. ಅಷ್ಟರಲ್ಲೇ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆಟಿಕೆಗಳು ತಯಾರಾಗುತ್ತವೆ. ನಿಮಗೂ ಅಂಥ ಸಣ್ಣ ಸಾಮಾನೇ ಸಾಕು ಅಂತ ಅಲ್ಲಿ ನಿಂತಾಗ ಅನ್ನಿಸಿದರೆ ದುಡ್ಡು ಉಳಿಯಿತು. ಇಲ್ಲ, ದೊಡ್ಡ ಬಟ್ಟಲೇ ಬೇಕು ಅಂದರೆ ಮುಂದೆ ಓದಿ.

2. ಕನಿಷ್ಠ ವೇಗ ಎಷ್ಟು ಅಂತ ಕೇಳಿ

ಗರಿಷ್ಠ ವೇಗವನ್ನು ಎಲ್ಲರೂ ಹೇಳುತ್ತಾರೆ. 3000, 3500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಹೆಮ್ಮೆಯಿಂದ. ನಮಗೆ ಬೇಕಾದ್ದು ಅದರ ಇನ್ನೊಂದು ತುದಿ.

ಕಡೆಯುವವರು ಬಳಸುವ ಒಂದು ಲೆಕ್ಕ ಇದೆ: ಮರದ ಅಡ್ಡಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ನಡುವೆ ಬರಬೇಕು. 10 ಇಂಚಿನ ಬಟ್ಟಲಿಗೆ 600ರಿಂದ 900. 12 ಇಂಚಿಗೆ 500ರಿಂದ 750. ಅದೂ ಮರ ದುಂಡಗಾದ ಮೇಲೆ. ಗರಗಸದಲ್ಲಿ ಕುಯ್ದು ತಂದ ಅಂಕುಡೊಂಕು ತುಂಡನ್ನು ಮೊದಲ ಸಲ ತಿರುಗಿಸುವಾಗ ಇದರ ಅರ್ಧ, ಇಲ್ಲ ಅದಕ್ಕಿಂತ ಕಡಿಮೆ. ಅಂದರೆ ನಿಮ್ಮ ಲೇತ್ 250, 300ಕ್ಕೆ ಇಳಿಯಬೇಕು ಅಲ್ವಾ? ಕಡಿಮೆ ಬೆಲೆಯ ಬೆಲ್ಟ್ ಲೇತ್‌ಗಳಲ್ಲಿ ಶುರುವಾಗುವ ವೇಗವೇ 700, 800 ಇರುವುದು ಮಾಮೂಲು. ಲಟ್ಟಣಿಗೆಗೆ ಅದು ಸರಿಯೇ. ಒಂದು ಕಡೆ ಭಾರ ಜಾಸ್ತಿ ಇರುವ 10 ಇಂಚಿನ ಹಲಸಿನ ತುಂಡನ್ನು ಆ ವೇಗದಲ್ಲಿ ಚಾಲೂ ಮಾಡಿದರೆ ಇಡೀ ಸ್ಟ್ಯಾಂಡು ನಡೆಯಲು ಶುರು ಮಾಡುತ್ತದೆ.

ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿ. 12 ಇಂಚಿನ ಬಟ್ಟಲು 1500 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 86 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಬಿರುಕಿದ್ದ ಮರ ಬಿಟ್ಟುಕೊಂಡರೆ ಮುಖದ ಮುಂದೆಯೇ ಬಿಟ್ಟುಕೊಳ್ಳುವುದು.

ಹಾಗಾಗಿ ಬೆಲ್ಟ್ ಬದಲಿಸಿ ವೇಗ ಬದಲಿಸುವ ಲೇತ್ ಆದರೆ ಎಷ್ಟು ಹಂತ ಇದೆ, ಕೆಳಗಿನ ಹಂತ ಎಷ್ಟು ಅಂತ ಕೇಳಿ. 500ಕ್ಕಿಂತ ಕೆಳಗೆ ಹೋಗದಿದ್ದರೆ ಬಟ್ಟಲಿನ ಆಸೆ ಬಿಡಿ, ಇಲ್ಲ ಬೇರೆ ಲೇತ್ ನೋಡಿ. ಗುಂಡಿ ತಿರುಗಿಸಿ ವೇಗ ಬದಲಿಸುವಂಥದ್ದು ಸಿಕ್ಕರೆ ಒಳ್ಳೆಯದು, ಆದರೆ ಅದರಲ್ಲೂ ಎರಡು ಮೂರು ಪುಲ್ಲಿ ಹಂತ ಇರಲೇಬೇಕು. ಯಾಕೆಂದರೆ ಗುಂಡಿಯಲ್ಲಿ ವೇಗ ಇಳಿಸಿದಾಗ ಮೋಟಾರಿನ ಶಕ್ತಿಯೂ ಇಳಿಯುತ್ತದೆ, ಮೋಟಾರಿನ ಸ್ವಂತ ಫ್ಯಾನೂ ನಿಧಾನ ಆಗಿ ಬಿಸಿ ಏರುತ್ತದೆ. ಬೆಲ್ಟನ್ನು ಸ್ಪಿಂಡಲ್ ಕಡೆಯ ದೊಡ್ಡ ಪುಲ್ಲಿಗೆ ಹಾಕಿದರೆ ಮೋಟಾರು ತನ್ನ ಪಾಡಿಗೆ ಜೋರಾಗಿಯೇ ಓಡುತ್ತದೆ, ಸ್ಪಿಂಡಲ್ ಮಾತ್ರ ನಿಧಾನ, ಎಳೆತ ಜಾಸ್ತಿ. ಸೈಕಲ್ಲಿನ ಗೇರ್ ಇದ್ದ ಹಾಗೆ.

3. ಮೋಟಾರು ಮತ್ತು ನಮ್ಮ ಮನೆಯ ಕರೆಂಟು

12 ಇಂಚಿನ ಲೇತ್‌ಗೆ ಒಂದು ಎಚ್‌ಪಿ, ಅಂದರೆ ಸುಮಾರು 750 ವ್ಯಾಟ್, ಧಾರಾಳವಾಯಿತು. 10 ಇಂಚಿಗೆ ಅರ್ಧದಿಂದ ಮುಕ್ಕಾಲು ಸಾಕು. ಮನೆಗೆ ಸಿಂಗಲ್ ಫೇಸ್ ಇರುವವರು ಎರಡು ಎಚ್‌ಪಿ ಕಡೆ ಕಣ್ಣು ಹಾಕುವ ಮುಂಚೆ ವೈರಿಂಗ್, ಎಂಸಿಬಿ ತಾಳುತ್ತದಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಯಾವುದೇ ಆಗಲಿ, 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಎಳೆದುಕೊಳ್ಳಬೇಡಿ.

ವೇಗ ಬದಲಿಸುವ ಲೇತ್‌ಗಳಲ್ಲಿ ಎರಡು ಜಾತಿ ಸಿಗುತ್ತವೆ. ಸಣ್ಣವುಗಳಲ್ಲಿ ಡಿಸಿ ಮೋಟಾರು, ಒಂದು ಕಂಟ್ರೋಲ್ ಬೋರ್ಡು. ಹಗುರ, ಅಗ್ಗ. ಆದರೆ ಆ ಬೋರ್ಡು ಸುಟ್ಟರೆ ಬದಲಿ ಎಲ್ಲಿ ಸಿಗುತ್ತದೆ ಅಂತ ಕೊಳ್ಳುವ ದಿನವೇ ಕೇಳಬೇಕು. ಮಂಡ್ಯ, ಮದ್ದೂರು ಕಡೆ ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಬೀಳುವುದು ಗೊತ್ತೇ ಇದೆ. ಅಂಥ ಕಡೆ ಇರುವವರು ಒಂದು ಸ್ಟೆಬಿಲೈಜರ್‌ಗೂ ದುಡ್ಡು ಇಟ್ಟುಕೊಳ್ಳಿ. ಇಲ್ಲ, ಸುಮ್ನೆ ಇಂಡಕ್ಷನ್ ಮೋಟಾರು, ಬೆಲ್ಟು ಇರುವ ಲೇತೇ ತೆಗೆದುಕೊಳ್ಳಿ. ಅದು ಕೆಟ್ಟರೆ ನಿಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಯವನೇ ಸರಿ ಮಾಡಿಕೊಡುತ್ತಾನೆ.

ಎರಡನೆಯ ಜಾತಿ ತ್ರೀ ಫೇಸ್ ಮೋಟಾರಿಗೆ ವಿಎಫ್‌ಡಿ ಅನ್ನುವ ಕಂಟ್ರೋಲ್ ಪೆಟ್ಟಿಗೆ ಹಾಕಿರುವುದು. ಮನೆಯ ಸಿಂಗಲ್ ಫೇಸನ್ನೇ ತೆಗೆದುಕೊಂಡು ವಿಎಫ್‌ಡಿ ಅದನ್ನು ತ್ರೀ ಫೇಸ್ ಮಾಡಿ ಕೊಡುತ್ತದೆ, ವೇಗವನ್ನೂ ಬದಲಿಸುತ್ತದೆ. ನನಗೆ ಇದೇ ಇಷ್ಟ. ಬೆಲ್ಟ್ ಲೇತ್ ಕೊಂಡು ಮುಂದೆ ಹೀಗೆ ಬದಲಿಸಿಕೊಳ್ಳೋಣ ಅನ್ನುವವರು ಒಂದು ವಿಷಯ ಗಮನಿಸಿ: ಆ ವಿಎಫ್‌ಡಿಯಿಂದ ಹೊರಗೆ ಬರುವುದು 230 ವೋಲ್ಟಿನ ತ್ರೀ ಫೇಸ್, ನಮ್ಮ ಮಾಮೂಲಿ ತ್ರೀ ಫೇಸ್ ಮೋಟಾರು 415 ವೋಲ್ಟಿನದು. ಮೋಟಾರಿನ ಟರ್ಮಿನಲ್ ಬಾಕ್ಸಿಗೆ ಆರು ವೈರು ಬಂದಿದ್ದು, ಡೆಲ್ಟಾ ಕನೆಕ್ಷನ್‌ನಲ್ಲಿ 230ಕ್ಕೆ ನಡೆಯುತ್ತದೆ ಅಂತ ನೇಮ್‌ಪ್ಲೇಟಿನಲ್ಲಿ ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮೂರೇ ವೈರು ಬಂದಿದ್ದರೆ ಬೇಡ.

ಅಮೆರಿಕದಲ್ಲಿರುವ ಮಗ, ಅಳಿಯ ಕಳಿಸಿಕೊಡುತ್ತಾನೆ ಅನ್ನುವವರೂ ಇದ್ದಾರೆ. ಅಲ್ಲಿ ಮನೆ ಬಳಕೆಗೆ ಮಾರುವ ಲೇತ್‌ಗಳು ಹೆಚ್ಚಾಗಿ 115 ವೋಲ್ಟಿನವು. ಬಹಳ ಜನ ಹೊಗಳುವ ಜೆಟ್ ಕಂಪನಿಯ 1221 ಮಾದರಿಯೂ ಹಾಗೇ: 12 ಇಂಚು ಸ್ವಿಂಗ್, 21 ಇಂಚು ಅಂತರ, ಒಂದು ಎಚ್‌ಪಿ, ಕನಿಷ್ಠ ವೇಗ 60 ಆರ್‌ಪಿಎಂ. ಅಳತೆ ನೋಡಿದರೆ ಮನೆಗೆ ಹೇಳಿ ಮಾಡಿಸಿದ್ದು. ಆದರೆ ನಮ್ಮ ಪ್ಲಗ್ಗಿಗೆ ನೇರ ಹಾಕುವ ಹಾಗಿಲ್ಲ, ದಪ್ಪನೆಯ ಟ್ರಾನ್ಸ್‌ಫಾರ್ಮರ್ ಬೇಕು. ಸಾಗಣೆ, ಸುಂಕ ಬೇರೆ. ಇದರ ಅಳತೆಗಳನ್ನು ಗುರುತು ಹಾಕಿಕೊಂಡು ಇಲ್ಲಿ ಸಿಗುವುದನ್ನು ಅದಕ್ಕೆ ಹೋಲಿಸಿ ನೋಡುವುದು ಜಾಣತನ.

4. ತೂಕ

ಎರಕದ ಕಬ್ಬಿಣದ ಬೆಡ್ ಬೇಕು. ತಗಡು ಮಡಿಸಿ ಮಾಡಿದ ಬೆಡ್, ಎರಡು ಪೈಪಿನ ಬೆಡ್ ಬೇಡ. ಕಬ್ಬಿಣ ಜಾಸ್ತಿ ಇದ್ದಷ್ಟೂ ನಡುಕ ಕಡಿಮೆ. ಮೇಜಿನ ಮೇಲೆ ಇಡುವ 40 ಕಿಲೋ ಲೇತನ್ನೂ ಗಟ್ಟಿ ಮೇಜಿಗೆ ಬೋಲ್ಟ್ ಹಾಕಿ, ಕೆಳಗಿನ ಹಲಗೆಯ ಮೇಲೆ ಮರಳಿನ ಮೂಟೆ ಇಟ್ಟರೆ ಅದರ ನಡುಕ ಎಷ್ಟೋ ತಗ್ಗುತ್ತದೆ. ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ನಡೆಸುವ ಲೇತ್ ಅಂತಲೂ ಮಾರುತ್ತಾರೆ. ಡ್ರಿಲ್ಲಿನ ಬೇರಿಂಗ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

5. ಸ್ಪಿಂಡಲ್ ಥ್ರೆಡ್, ಮೋರ್ಸ್ ಟೇಪರ್

ಇದನ್ನು ಯಾರೂ ಕೇಳುವುದಿಲ್ಲ. ಫೋನ್ ಮಾಡಿ ಕೇಳಿ ನೋಡಿ, "ಸ್ಟ್ಯಾಂಡರ್ಡ್ ಸಾರ್, ಎಲ್ಲಾ ಸ್ಟ್ಯಾಂಡರ್ಡ್" ಅನ್ನುತ್ತಾರೆ. ಬಿಡಬೇಡಿ. "ಎಷ್ಟು ಇಂಚು, ಇಂಚಿಗೆ ಎಷ್ಟು ಎಳೆ, ಅಳೆದು ಹೇಳಿ" ಅನ್ನಿ. ಸ್ಕೇಲ್ ಇಟ್ಟು ಫೋಟೊ ಕಳಿಸಿ ಅನ್ನಿ.

ಯಾಕಿಷ್ಟು ಹಟ ಅಂದರೆ, ಬಟ್ಟಲನ್ನು ಹಿಡಿಯುವ ನಾಲ್ಕು ದವಡೆಯ ಚಕ್ಕು ಈ ಥ್ರೆಡ್ಡಿಗೇ ಕೂರಬೇಕು. ಒಳ್ಳೆಯ ಚಕ್ಕಿನ ಬೆಲೆ ಕಮ್ಮಿಯಲ್ಲ, ಅದು ಲೇತ್‌ಗಿಂತ ಹೆಚ್ಚು ದಿನ ನಿಮ್ಮ ಜೊತೆ ಇರುತ್ತದೆ. ನಾಳೆ ಲೇತ್ ಬದಲಿಸಿದರೂ ಚಕ್ ಅದೇ. ಹೊರಗೆ ಹೆಚ್ಚು ಸಿಗುವುದು 1 ಇಂಚು 8 ಟಿಪಿಐ (ಇಂಚಿಗೆ 8 ಎಳೆ), ದೊಡ್ಡ ಯೂರೋಪಿನ ಲೇತ್‌ಗಳಿಗೆ ಎಂ33 (33 ಮಿ.ಮೀ. ದಪ್ಪ), 3.5 ಪಿಚ್ (ಎಳೆಯಿಂದ ಎಳೆಗೆ 3.5 ಮಿ.ಮೀ.). ಸಣ್ಣವಕ್ಕೆ ಮುಕ್ಕಾಲು ಇಂಚು 16 ಟಿಪಿಐ ಕೂಡ ಇದೆ. ಈ ಮೂರರಲ್ಲಿ ಒಂದಿದ್ದರೆ ಚಕ್ ಹುಡುಕುವುದು ಕಷ್ಟವಿಲ್ಲ. 12 ಇಂಚಿನ ಲೇತ್ ಆದರೆ 1 ಇಂಚು 8 ಟಿಪಿಐ ಅನ್ನೇ ಕೇಳಿ ತೆಗೆದುಕೊಳ್ಳಿ.

ನಮ್ಮ ದೇಶದಲ್ಲೇ ಎರಕ ಹೊಯ್ದು ಮಾಡಿದ ಲೇತ್‌ಗಳು, ರಾಜ್‌ಕೋಟ್, ಬಟಾಲಾ, ಲುಧಿಯಾನ ಕಡೆಯವು, ಕಬ್ಬಿಣದಲ್ಲಿ ಧಾರಾಳ ಇರಬಹುದು, ಆದರೆ ಥ್ರೆಡ್ ಮಾತ್ರ ಮಾಡಿದವರ ಇಷ್ಟ. ಹಾಗಂತ ಬಿಟ್ಟುಬಿಡಬೇಕಿಲ್ಲ. ಹೆಬ್ಬಾಳದಲ್ಲೋ ಮಂಡ್ಯದ ತೂಬಿನಕೆರೆಯಲ್ಲೋ ಒಬ್ಬ ಒಳ್ಳೆಯ ಟರ್ನರ್ ಹತ್ತಿರ ಅಡಾಪ್ಟರ್ ಕಡೆಸಬಹುದು. ಬರೇ ಥ್ರೆಡ್ ಕೂತರೆ ಸಾಲದು, ಚಕ್ಕಿನ ಹಿಂದಿನ ಮುಖ ಸ್ಪಿಂಡಲ್ಲಿನ ಭುಜಕ್ಕೆ ಚಪ್ಪಟೆಯಾಗಿ ಒರಗಬೇಕು, ಇಲ್ಲದಿದ್ದರೆ ಚಕ್ ವಾಲಾಡುತ್ತದೆ. ಸ್ಪಿಂಡಲನ್ನೇ ಬಿಚ್ಚಿ ತೆಗೆದುಕೊಂಡು ಹೋಗಿ, ಅಳತೆ ಚೀಟಿ ಹಿಡಿದು ಹೋಗಬೇಡಿ.

ಮೋರ್ಸ್ ಟೇಪರ್ ಅಂದರೆ ಡ್ರಿಲ್ ಚಕ್ಕಿನಂಥವನ್ನು ತೂರಿಸಿ ಕೂರಿಸುವ, ಒಳಗೆ ಹೋದಂತೆ ಕಿರಿದಾಗುವ ತೂತು; ಮರ ತಿರುಗಿಸುವ ಹೆಡ್‌ಸ್ಟಾಕ್, ಇನ್ನೊಂದು ತುದಿಯಿಂದ ಆನಿಸುವ ಟೇಲ್‌ಸ್ಟಾಕ್ ಎರಡೂ ಕಡೆ ಅದು ಎಂಟಿ2 (ಎರಡನೆಯ ನಂಬರಿನ ಅಳತೆ) ಇರಲಿ. ಡ್ರಿಲ್ ಚಕ್, ಮರದ ಜೊತೆ ತಿರುಗುವ ಮೊನೆ ಲೈವ್ ಸೆಂಟರ್ ಎಲ್ಲ ಆ ಅಳತೆಯಲ್ಲಿ ಯಾವ ಟೂಲ್ ಅಂಗಡಿಯಲ್ಲೂ ಸಿಗುತ್ತವೆ. ಎಂಟಿ1 ಅಂದರೆ ಆಯ್ಕೆ ಕಮ್ಮಿ. ಏನೂ ಟೇಪರ್ ಇಲ್ಲದ ಟೇಲ್‌ಸ್ಟಾಕ್ ಆದರೆ ಬೇಡ. ಜೊತೆಗೆ ಸ್ಪಿಂಡಲ್ ಬೇರಿಂಗಿನ ನಂಬರ್ ಕೇಳಿ. 6205 ಅಂಥ ಮಾಮೂಲಿ ನಂಬರ್ ಇದ್ದರೆ ನಿಮ್ಮೂರಿನ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ.

6. ಎಲ್ಲ ದುಡ್ಡನ್ನೂ ಲೇತಿಗೇ ಸುರಿಯಬೇಡಿ

ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಮಾತ್ರ ಲೇತಿಗೆ. ಮಿಕ್ಕಿದ್ದು ಚಕ್ಕು, ಉಳಿ, ಸಾಣೆ, ಮುಖದ ರಕ್ಷಣೆಗೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಕೊಂಡವರು ಹೌದು ಅನ್ನುತ್ತಾರೆ.

ಉಳಿಗಳಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಕ್ಕಿನವೇ ಇರಲಿ. ಚೌಕ ತುಂಡನ್ನು ದುಂಡಗೆ ಮಾಡಲು ಒಂದು ರಫಿಂಗ್ ಗೌಜ್, ರೂಪ ಕೊಡಲು ಒಂದು ಸ್ಪಿಂಡಲ್ ಗೌಜ್, ನಯ ಮಾಡಲು ಓರೆ ಬಾಯಿಯ ಒಂದು ಸ್ಕ್ಯೂ, ತುಂಡರಿಸಲು ಒಂದು ಪಾರ್ಟಿಂಗ್ ಟೂಲ್. ಬಟ್ಟಲು ಮಾಡುವವರು ಒಂದು ಬೌಲ್ ಗೌಜ್ ಸೇರಿಸಿಕೊಳ್ಳಿ. ರಫಿಂಗ್ ಗೌಜನ್ನು ಬಟ್ಟಲಿಗೆ ಯಾವತ್ತೂ ಹಿಡಿಯಬೇಡಿ, ಹಿಡಿಯೊಳಗೆ ಹೋಗುವ ಅದರ ಬಾಲ ತೆಳು, ಸಿಕ್ಕಿಕೊಂಡರೆ ಅಲ್ಲೇ ಮುರಿಯುತ್ತದೆ. ಹನ್ನೆರಡು ಉಳಿಯ ಅಗ್ಗದ ಪೆಟ್ಟಿಗೆಯಲ್ಲಿ ಎಂಟು ಹೊರಗೇ ಬರುವುದಿಲ್ಲ, ಅದನ್ನು ಕೊಳ್ಳಬೇಡಿ. ಕಾರ್ಬೈಡ್ ತುದಿಯ ಟೂಲ್ ಹೊಸಬರಿಗೆ ಸುಲಭ, ಸಾಣೆಯ ಗೋಜಿಲ್ಲ. ಆದರೆ ಅದು ಕೆರೆಯುತ್ತದೆ, ಕತ್ತರಿಸುವುದಿಲ್ಲ. ಉಪ್ಪು ಕಾಗದದ ಕೆಲಸ ಜಾಸ್ತಿ ಬೀಳುತ್ತದೆ.

ಸಾಣೆಗೆ 8 ಇಂಚಿನ, 1440 ಆರ್‌ಪಿಎಂ ಆಸುಪಾಸಿನ ಬೆಂಚ್ ಗ್ರೈಂಡರ್, ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು. ಮೊಂಡ ಉಳಿ ಹಿಡಿದು ಎಂಥ ಲೇತ್ ಮುಂದೆ ನಿಂತರೂ ಮರ ಕಿತ್ತುಕೊಂಡು ಬರುತ್ತದೆ.

ಮುಖಕ್ಕೆ ಫೇಸ್ ಶೀಲ್ಡ್, ಮೂಗಿಗೆ ಎನ್95. ಕೈಗವಸು ಹಾಕಲೇಬೇಡಿ. ತುಂಬು ತೋಳಿನ ಅಂಗಿ, ಶಾಲು, ಪಂಚೆ, ಕತ್ತಿನ ಸರ, ಬಿಟ್ಟ ಕೂದಲು, ಇವೆಲ್ಲ ಸ್ಪಿಂಡಲ್ಲಿಗೆ ಸುತ್ತಿಕೊಳ್ಳುವ ವಸ್ತುಗಳು. ಬರ್ಮುಡ ಹಾಕಿ ನಿಂತರೂ ಪರವಾಗಿಲ್ಲ, ಕಾಲಿಗೆ ಶೂ ಇರಲಿ.

7. ಅಂಗಡಿಯಲ್ಲಿ ಕೈಯಾರೆ ಪರೀಕ್ಷೆ ಮಾಡಿ

ಆನ್‌ಲೈನ್‌ನಲ್ಲಿ ತರಿಸಿದರೆ ಇದನ್ನೇ ಮನೆಗೆ ಬಂದ ದಿನ ಮಾಡಿ, ವಾಪಸು ಕಳಿಸುವ ಗಡುವು ಮುಗಿಯುವ ಮುಂಚೆ.

ಹೆಡ್‌ಸ್ಟಾಕ್‌ನಲ್ಲೊಂದು, ಟೇಲ್‌ಸ್ಟಾಕ್‌ನಲ್ಲೊಂದು ಚೂಪು ಸೆಂಟರ್ ಹಾಕಿ, ಎರಡನ್ನೂ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ತನ್ನಿ. ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ. ಎರಡು ಚೂಪೂ ಒಂದೇ ಗೆರೆಯಲ್ಲಿ ಇರಬೇಕು. ಟೇಲ್‌ಸ್ಟಾಕನ್ನು ಬಿಗಿ ಮಾಡಿದಾಗ ಅದು ಪಕ್ಕಕ್ಕೆ ಜಾರುತ್ತದಾ ಅಂತಲೂ ನೋಡಿ. ಉದ್ದದ ಕೆಲಸಕ್ಕೆ ಕೂದಲೆಳೆ ವ್ಯತ್ಯಾಸ ನಡೆಯುತ್ತದೆ, ತೂತು ಹೊಡೆಯುವ ಕೆಲಸಕ್ಕೆ ನಡೆಯುವುದಿಲ್ಲ.

ಪ್ಲಗ್ ತೆಗೆದು ಬೆಲ್ಟ್ ಸಡಿಲಿಸಿ ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಸರಿಯಿಲ್ಲ. ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ, ಆಟ ಇರಬಾರದು. ಬ್ಯಾಂಜೊ ಒಂದೇ ಕೈಯಲ್ಲಿ ಸರಿದು, ಲಿವರ್ ತಿರುಗಿಸಿದರೆ ಕಚ್ಚಿಕೊಳ್ಳಬೇಕು. ಪ್ರತಿ ಸಲ ಸ್ಪ್ಯಾನರ್ ಹುಡುಕುವ ಲೇತ್ ಬೇಸರ ತರಿಸುತ್ತದೆ. ಟೂಲ್ ರೆಸ್ಟ್ ಮೇಲಿನ ಅಂಚಿನ ಮೇಲೆ ಬೆರಳು ಎಳೆಯಿರಿ. ಎರಕದ ಗಂಟು ಇದ್ದರೆ ಅರದಲ್ಲಿ ಉಜ್ಜಿ ನಯ ಮಾಡಬಹುದು, ಅದಕ್ಕೆ ಲೇತ್ ಬೇಡ ಅನ್ನಬೇಕಿಲ್ಲ.

ಕೊನೆಗೆ ಮೋಟಾರು ಚಾಲೂ ಮಾಡಿಸಿ, ಬೆಡ್ ಮೇಲೆ ದಪ್ಪ ಅಂಚಿನ ಐದು ರೂಪಾಯಿ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ. ವೇಗ ಏರಿಸುತ್ತಾ ಹೋಗಿ. ಬಿದ್ದುಹೋದರೆ ಯಂತ್ರ ಸರಿಯಿಲ್ಲ ಅಂತಲ್ಲ, ಅಂಗಡಿಯ ಮೇಜೇ ಅಲ್ಲಾಡುತ್ತಿರಬಹುದು. ಮೇಜು ಗಟ್ಟಿ ಇದ್ದೂ ನಿಧಾನ ವೇಗದಲ್ಲೇ ಬಿದ್ದರೆ ಮಾತ್ರ ಪುಲ್ಲಿ, ಬೆಲ್ಟ್ ನೋಡಿಸಿ. ಹಿಂದಕ್ಕೂ ತಿರುಗುವ ಲೇತ್ ಆದರೆ ಚಕ್ ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಸ್ಕ್ರೂ ಇದೆಯಾ ಅಂತ ಕೇಳಿ.

8. ಮನೆಗೆ ತಂದ ಮೇಲೆ

30×40 ಸೈಟಿನ ಮನೆಯಲ್ಲಿ ಜಾಗ ಅಂದರೆ ಕಾರ್ ಶೆಡ್ಡು, ಇಲ್ಲ ಮಹಡಿ ಮೇಲಿನ ರೂಮು. ಭಾರದ ಲೇತ್ ಆದರೆ ಕೆಳಗೇ ಇಡಿ. ಮಹಡಿಗೆ ಹತ್ತಿಸುವುದು ಒಂದು ಗೋಳು, ಆಮೇಲೆ ಅದರ ಗುಂಯ್‌ಗುಡುವಿಕೆ ಕೆಳಗಿನ ಮನೆಗೆಲ್ಲ ಕೇಳಿಸುವುದು ಇನ್ನೊಂದು. ಸ್ಪಿಂಡಲ್ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು. ಕಂಪನಿಯ ಸ್ಟ್ಯಾಂಡು ಗಿಡ್ಡ ಇದ್ದರೆ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿ, ಬಗ್ಗಿ ನಿಂತು ಕಡೆದರೆ ಸಂಜೆಗೆ ಸೊಂಟ ಹೇಳುತ್ತದೆ. ಸ್ವಿಚ್ಚು ಎಡಗೈಗೆ ಸಿಗಬೇಕು, ತಿರುಗುವ ಮರವನ್ನು ದಾಟಿ ಕೈ ಚಾಚುವಂತೆ ಇರಬಾರದು. ಮಳೆಗಾಲದಲ್ಲಿ ಎರಕದ ಬೆಡ್ ಬೇಗ ತುಕ್ಕು ಹಿಡಿಯುತ್ತದೆ, ವ್ಯಾಕ್ಸ್ ಪಾಲಿಷ್ ಸವರಿಡಿ.

ಮರಕ್ಕೆ ಅಲೆಯಬೇಕಿಲ್ಲ. ಸಾ ಮಿಲ್ಲಿನಲ್ಲಿ ಹಲಸು, ಮಾವು, ಬೇವು, ಸಿಲ್ವರ್ ಓಕ್ ತುಂಡು ಸಿಗುತ್ತವೆ. ಬೀಟೆ, ಶ್ರೀಗಂಧದ ತುಂಡು ಯಾರಾದರೂ ಸುಮ್ನೆ ಕೊಟ್ಟರೂ ಕಾಗದಪತ್ರ ಇಲ್ಲದೆ ಮುಟ್ಟಬೇಡಿ, ಅರಣ್ಯ ಇಲಾಖೆಯ ಕೇಸು ಬೀಳುತ್ತದೆ.

ಮೊದಲ ದಿನ ಬಟ್ಟಲಿಗೆ ಕೈ ಹಾಕದೆ, ಎರಡು ಇಂಚು ದಪ್ಪದ ಒಣಗಿದ ಸಿಲ್ವರ್ ಓಕ್ ತುಂಡನ್ನು ಎರಡು ಸೆಂಟರ್‌ಗಳ ನಡುವೆ ಹಿಡಿದು, ಮೋಟಾರು ಹಾಕುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ, ಕಡಿಮೆ ವೇಗದಲ್ಲಿ ಚಾಲೂ ಮಾಡಿ ಪಕ್ಕಕ್ಕೆ ನಿಲ್ಲಿ. ನಡುಕ ಇಲ್ಲದಿದ್ದರೆ ನಿಧಾನವಾಗಿ 1000, 1200ಕ್ಕೆ ಏರಿಸಿ ರಫಿಂಗ್ ಗೌಜ್ ಹಿಡಿಯಿರಿ. ಪ್ಯಾಕಿಂಗ್ ಪೆಟ್ಟಿಗೆ, ಥರ್ಮಾಕೋಲು, ಬಿಲ್ಲು ವಾರಂಟಿ ಮುಗಿಯುವ ತನಕ ಅಟ್ಟದ ಮೇಲೆ ಇರಲಿ.